ಬೆನ್ನು ನೋಡಿ ಮಣೆ

ಮುಖ ನೋಡಿ ಮಣೆ ಹಾಕುವವರೇ ಎಲ್ಲ.
ಈ ಡುಬ್ಯೂಕ್ ಊರಿನಲ್ಲಿ, ಬೀಗದಂಗಡಿಯ ಮೇಲಿನ ಕೋಣೆಯಲ್ಲಿ
ನಾನೊಬ್ಬ ಮೂವತ್ತೊಂದು ವರ್ಷದಿಂದ
ಬೆನ್ನು ನೋಡುತ್ತ ಕೂತವನು.

ಲಿಯೋನಾ ಕ್ರೆಮರ್ ತಂದದ್ದು ಒಂದೇ ಕಾರ್ಡು.
ಹೊಲಿಗೆ ಡಬ್ಬಿಯ ತಳಕ್ಕೆ ಹಾಸಿತ್ತಂತೆ,
ಗುಂಡಿಗಳ ಕೆಳಗೆ.
ಮುಂದುಗಡೆ ಬೇಸ್‌ಬಾಲಿನ ಕಾರ್ನಿ ಫ್ಲಾಹಿವ್,
ಎಡಗೈ ಎಸೆತಗಾರ,
ಚೆಂಡು ಬೆನ್ನ ಹಿಂದೆ ಅಡಗಿಸಿಕೊಂಡು
ಫೋಟೋದವನನ್ನೇ ಔಟ್ ಮಾಡುವ ಹಾಗೆ ನಿಂತಿದ್ದಾನೆ.
ಇಸವಿ ಇಲ್ಲ. ಅಚ್ಚುಕೂಟದ ಹೆಸರಿಲ್ಲ.

"ಎಷ್ಟು ಹಳೆಯದು?" ಎಂದಳು.
"ಎಷ್ಟು ಬರುತ್ತೆ?" ಎನ್ನಲಿಲ್ಲ.
ಅದಕ್ಕೇ ಕುರ್ಚಿ ಕೊಟ್ಟೆ.

ಮುಖವನ್ನು ನಂಬಬೇಡಿ, ಎಂದೆ.
ಒಂದೇ ಫೋಟೋ ನಾಲ್ಕು ವರ್ಷ ಓಡುತ್ತದೆ.
ತಂಡ ಬದಲಾದರೆ ಅಂಗಿಯ ಅಕ್ಷರ ಕೆರೆದು
ಬೇರೆ ಬರೆಯುತ್ತಾರೆ. ಸತ್ತವನೂ
ಇನ್ನೊಂದು ಬೇಸಿಗೆ ಆಡಿಬಿಡುತ್ತಾನೆ.
ಬೆನ್ನಿಗೆ ಅಷ್ಟು ಜಾಣತನ ಸಾಲದು;
ಬ್ರೆಡ್ಡು ಮಾರಿದರಾಯಿತು ಅದಕ್ಕೆ.

ತಿರುಗಿಸಿದೆ.
ವೋಲ್ಮರ್ ಬೇಕರಿ, ಟ್ಯಾನರ್ ಬೀದಿ.
ಹಾಲು ಹಾಕಿದ ಬ್ರೆಡ್ಡು, ಐದು ಸೆಂಟು.
ಟೆಲಿಫೋನು ಮೂರೇ ಅಂಕಿ.

ನೀಲಿ ದೀಪದಡಿ ಹಿಡಿದೆ. ಹೊಸ ಕಾಗದವಾದರೆ
ಕಳ್ಳ ಬೆಕ್ಕಿನ ಕಣ್ಣಿನ ಹಾಗೆ ಹೊಳೆದುಬಿಡುತ್ತದೆ.
ಇದು ಕತ್ತಲಲ್ಲಿ ಕತ್ತಲಾಗಿಯೇ ಉಳಿಯಿತು.
ಬೆರಳಾಡಿಸಿದರೆ ಮೊಳೆ ಕಚ್ಚಿದ ತಗ್ಗು ಸಿಗುತ್ತದೆ.
ವೋಲ್ಮರ್‌ನ ಮೊದಲಕ್ಷರ, ಇಂಗ್ಲಿಷಿನ ವಿ,
ಅದರ ಬಲಗೊಂಬು ಮುರಿದಿದೆ.
ಅದೇ ಮುರುಕು ಕೊಂಬನ್ನು ನಾನು ಕಂಡಿದ್ದೆ
ಹಳೆಯ ಪತ್ರಿಕೆಯೊಂದರಲ್ಲಿ,
ಕಟುಕನೊಬ್ಬ ಕರುವಿನ ಮಾಂಸಕ್ಕೆ ಹಾಕಿಸಿದ ಜಾಹೀರಾತಿನಲ್ಲಿ:
ಸಾವಿರದ ಒಂಬೈನೂರ ಹತ್ತು, ಆಗಸ್ಟ್ ಹದಿನಾಲ್ಕು.
ಬ್ರೆಡ್ಡಿಗೂ ಕರುವಿಗೂ ಒಂದೇ ಮೊಳೆ.

ಆಮೇಲೆ ಸುಲಭ.
ಫ್ಲಾಹಿವ್ ಪಿಯೋರಿಯಾ ಬಿಟ್ಟು ಈ ಟೋಪಿ ತೊಟ್ಟದ್ದು ಆ ಜುಲೈ ಕೊನೆಗೆ.
ಹಿಟ್ಟು ತುಟ್ಟಿಯಾಗಿ ಬ್ರೆಡ್ಡು ಆರು ಸೆಂಟಾದದ್ದು ಸೆಪ್ಟೆಂಬರಿನಲ್ಲಿ.
ಮಾರ್ಚಿಗೆ ಬೇಕರಿಯೇ ಸುಟ್ಟುಹೋಯಿತು.
ಹಾಗಾಗಿ ಆರು ವಾರ.
ಹೆಚ್ಚೆಂದರೆ ಏಳು.

ಇದುವರೆಗೆ ಕಣ್ಣಿಗೆ ಬಿದ್ದದ್ದು ನಾಲ್ಕೇ, ಎಂದೆ,
ನಿಮ್ಮದು ಐದನೆಯದು. ಕಡಿಮೆ ಅಚ್ಚಾಗಿದ್ದಕ್ಕಲ್ಲ.
ಕೆಳಗಿನ ಸಾಲು ಓದಿ:
*ಇಂಥ ಐವತ್ತು ತಂದವರಿಗೆ ಚರ್ಮದ ಕೈಗವಸು.*
ಊರಿನ ಹುಡುಗರೆಲ್ಲ ನಂಬಿದರು, ತಂದರು.
ಬೇಕರಿಯವರು ಎಣಿಸಿಕೊಂಡು ಒಲೆಗೆ ಹಾಕಿದರು.
ಉಳಿದವೆಲ್ಲ
ಐವತ್ತು ಮುಟ್ಟದವರ ಕಾರ್ಡು.
ಯಾವನೋ ಪಾಪ, ನಲವತ್ತೊಂಬತ್ತಕ್ಕೆ ನಿಂತವನದು.

ಈ ಮಾತು ನಾನು ಎಲ್ಲ ಗಿರಾಕಿಗೂ ಹೇಳುವುದುಂಟು.
ತಲೆದೂಗುತ್ತಾರೆ.
ಲಿಯೋನಾ ತೂಗಲಿಲ್ಲ. ಕನ್ನಡಕ ತೆಗೆದು ಬಗ್ಗಿದಳು.
"ಮೂಲೆಯಲ್ಲಿ ಇದೇನು?"

ಪೆನ್ಸಿಲ್ ಗೀಚು. ಯಾರೋ ವ್ಯಾಪಾರಿ ಬರೆದ ಬೆಲೆ ಇರಬೇಕು,
ದರ್ಜೆ ಎರಡು ಇಳಿಯುತ್ತದೆ ಅಷ್ಟೇ, ಎನ್ನುತ್ತ
ರಬ್ಬರಿಗೆ ಕೈ ಹಾಕಿದ್ದೆ.

"ಬೆಲೆ ಅಲ್ಲ. ನಮ್ಮಜ್ಜಿ ಒಂದನ್ನು ಹೀಗೇ ಬರೆಯುತ್ತಿದ್ದಳು,
ತಲೆಗೆ ಕೊಕ್ಕೆ, ಕಾಲಿಗೆ ಗೆರೆ.
ಐವತ್ತೊಂದು."

ನದಿಯ ಕಡೆಯಿಂದ ದೋಣಿಯ ಶಿಳ್ಳೆ. ಇಬ್ಬರೂ ಕೇಳಿಸಿಕೊಂಡೆವು.

"ಎಡಚಿ," ಎಂದಳು ಆಮೇಲೆ. "ಎಂಬತ್ತರಲ್ಲೂ
ನಾಯಿ ಬಂದರೆ ಎಡಗೈಯಲ್ಲೇ ಸೇಬು ಬೀಸುತ್ತಿದ್ದಳು,
ಗುರಿ ತಪ್ಪುತ್ತಿರಲಿಲ್ಲ."
ಕೈಗವಸು ಕೊಟ್ಟರೆ, ಹುಡುಗಿಗೆ?
"ಡಬ್ಬಿಯಲ್ಲಿ ಇರಲಿಲ್ಲ."
ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿಲ್ಲ.

ಮೂವತ್ತೊಂದು ವರ್ಷ ಬೆನ್ನು ನೋಡಿದವನು
ಅದರ ಮೂಲೆಗೆ ಮಣೆ ಹಾಕಿರಲಿಲ್ಲ.

ಚೀಟಿ ಬರೆದೆ: ವೋಲ್ಮರ್ ಬೆನ್ನು. ೧೯೧೦, ಆಗಸ್ಟ್–ಸೆಪ್ಟೆಂಬರ್.
ಗುಂಡಿಯ ಒತ್ತಿದ ಗುರುತು, ಮೂರು.
ಪೆನ್ಸಿಲಿನಲ್ಲಿ ೫೧, ಮಾಲಕಿಯ ಕೈಬರಹ.
ರಬ್ಬರನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ.
ಹೆಸರು ಕೇಳುವುದು ಮರೆತೇಹೋಗಿತ್ತು.
ಮೆಟ್ಟಿಲಿಳಿಯುತ್ತಿದ್ದವಳನ್ನು ಕೂಗಿದೆ:
ನಿಮ್ಮಜ್ಜಿಯ ಹೆಸರು?
ಕೆಳಗಿನಿಂದ ಬಂತು, ಬೀಗದವನ ಅರದ ಸದ್ದಿನ ನಡುವೆ:
"ವಾಲ್ಬುರ್ಗಾ. ವಿ ಅಲ್ಲ, ಡಬ್ಲ್ಯೂ."