ಮೂಲೆಯಿಂದಲ್ಲ

ಕೈಜಾರಿ ಬಿತ್ತು ಅಂದಿದ್ದೆ.
ಜುಂಬೆರ್ ತಲೆ ಎತ್ತಲಿಲ್ಲ. ಹೂಂ ಎಂದ.
ಯಾರದೋ ಪ್ಲಾಸ್ಟರ್ ದವಡೆಗೆ
ಹಲ್ಲು ಕೂರಿಸುತ್ತಿದ್ದ.

ಆಮೇಲೆ ಏಳು ವಾರ
ಬಿರುಕಿನೊಳಗಿಂದಲೇ ಓದಿದೆ ಎಲ್ಲವನ್ನೂ:
ಕರೆಂಟಿನ ಬಿಲ್ಲು, ಹಿಟ್ಟಿನ ರೇಟು, ಯಾರೋ ಸತ್ತ ಸುದ್ದಿ.
ಹೆಬ್ಬೆರಳಿಗೆ ಗಾಜಿನ ಚೂರು ಹೊಕ್ಕು, ಪಟ್ಟಿ ಸುತ್ತಿ,
ಪಟ್ಟಿ ಸುತ್ತಿದ ಬೆರಳನ್ನು ಫೋನು ಒಪ್ಪದೆ
ಮೂಗಿನಿಂದ ಒತ್ತಿದ್ದೂ ಉಂಟು.

ಕುತಾಯಿಸಿಯ ಬಜಾರಿನ ಹುಡುಗ ಹೇಳಿದ ರೇಟಿಗೆ
ಎಂಟು ಹಲ್ಲು ಕಟ್ಟಿಕೊಡಬಹುದು ಎಂದ ಇವನು.
ರಾಜಧಾನಿಯಿಂದ ಬರೀ ಪರದೆ ತರಿಸಿದ.
ಮಿನಿಬಸ್ಸಿನ ಡ್ರೈವರು ಅದನ್ನು
ಮೊಟ್ಟೆಯ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದ.

ಭಾನುವಾರ. ಹುಳಿ ಪ್ಲಮ್ಮಿನ ಬುಟ್ಟಿ ಕೆಳಗಿಳಿಸಿ ಮೇಜು ಒರೆಸಿ
ನನ್ನ ಹೇರ್‌ಡ್ರೈಯರಿನಿಂದ ಅಂಚಿಗೆ ಬಿಸಿಗಾಳಿ ಊದಿದ.
ಅಂಟು ಬಿಡುವವರೆಗೂ ಊದಿದ.
ಹಲ್ಲು ಕೀಳುವವರ ಅವಸರ
ಹಲ್ಲು ಮಾಡುವವನಿಗೆಲ್ಲಿ.

ಮೇಣ ಕೆತ್ತುವ ಚೂರಿ ತೂರಿಸಿ ಎತ್ತಿದ, ಬೆರಳಗಲ.
ಇಷ್ಟು ಸಾಕು, ನರ ಇದೆ, ನರ ಇದೆ
ಅಂತ ತನಗೆ ತಾನೇ ಹೇಳಿಕೊಂಡ.
ಒಳಗೆ ನಿಜಕ್ಕೂ ಇತ್ತು, ಕಿತ್ತಳೆ ಬಣ್ಣದ ಒಂದು ರಿಬ್ಬನ್ನು.

ಹದಿನಾಲ್ಕು ತಿರುಪು. ಎಳ್ಳಿಗಿಂತ ಸಣ್ಣವು.
ಗುಲಾಬಿ ಮೇಣದ ಹಾಳೆಯ ಮೇಲೆ
ಯಾವುದು ಎಲ್ಲಿತ್ತೋ ಅಲ್ಲಲ್ಲೇ ಒತ್ತಿಟ್ಟ.
ಉದ್ದದ್ದು ಗಿಡ್ಡದರ ತೂತಿಗೆ ಹೋದರೆ
ಒಳಗಿನ ಹಲಗೆಯೇ ಸಾಯುತ್ತದಂತೆ.
ಕೂದಲೆಳೆಯಷ್ಟು ಹೆಚ್ಚು, ಅಷ್ಟೇ ವ್ಯತ್ಯಾಸ.
ಉಸಿರನ್ನೂ ಆಚೆ ತಿರುಗಿ ಬಿಟ್ಟೆ ನಾನು.

ಹಳೆಯದರಿಂದ ಕಿವಿ ಬಿಡಿಸಿ ಹೊಸದಕ್ಕೆ ಹಾಕಬೇಕು,
ಕಿವಿ ಮಾತ್ರ ಹಳೆಯದೇ ಇರುತ್ತದೆ, ಎಂದ.
ಕೇಳಬೇಕಾದ್ದೆಲ್ಲ ಕೇಳಿ ಆಗಿದೆ ಅದು,
ಅಂದುಕೊಂಡೆ. ಅನ್ನಲಿಲ್ಲ.

ಆಮೇಲೆ ಒಡೆದ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದ.
ನಲವತ್ತು ವರ್ಷ ಮುರಿದ ಹಲ್ಲು ನೋಡಿದ ಕಣ್ಣು.
ಬಾದಾಮಿ ಕಡಿದೆ ಅನ್ನುತ್ತಾರೆ,
ಮೆಟ್ಟಿಲಲ್ಲಿ ಮುಗ್ಗರಿಸಿದೆ ಅನ್ನುತ್ತಾರೆ;
ಮುರಿದ ಅಂಚು ಬೇರೇನೋ ಹೇಳುತ್ತಿರುತ್ತದೆ.
ಇವನು ಅಳತೆ ಮಾತ್ರ ಬರೆದುಕೊಳ್ಳುತ್ತಾನೆ.

ಬಿದ್ದದ್ದು ಮೂಲೆಯಿಂದ ಒಡೆಯುತ್ತದೆ, ಇಯಾಮ್ಜೆ.

ಅಷ್ಟೇ ಅಂದದ್ದು.
ಈ ಗಾಜು ನಡುಮಧ್ಯದಿಂದ ಒಡೆದಿತ್ತು,
ಒಲೆಯ ಗುಬುಟಿನ ಗಾತ್ರದ ಒಂದು ಗುಳಿಯಿಂದ
ಎಲ್ಲ ಗೆರೆಗಳೂ ಹೊರಟಿದ್ದವು.
ಅವನು ಒಲೆಯ ಕಡೆ ನೋಡಲಿಲ್ಲ.
ನಾನು ನೋಡಿದೆ.

ತಿರುಪು ಹಾಕತೊಡಗಿದ, ಎಣಿಸುತ್ತ. ಏಳು. ಎಂಟು.
ನೇಪಲ್ಸ್‌ನಿಂದ ಎತೆರಿ ಫೋನು ಮಾಡಿದ್ದಳು, ಎಂದೆ.
ಒಂಬತ್ತು.
ಯಾವ ಮುದುಕಿಯ ಮೈ ಒರೆಸಲು ಹೋಗಿದ್ದಳೋ
ಆ ಮುದುಕಿಯ ಮಗನನ್ನೇ ಮದುವೆಯಾಗಿದ್ದಾಳೆ. ಮಾರ್ಚಿನಲ್ಲಿ.
ನನಗೆ ಹೇಳಿದ್ದು ಮೇ ಕೊನೆಗೆ.
ನೀನು ಅಳುತ್ತೀ ಅಂತ ಹೇಳಲಿಲ್ಲ ಅಕ್ಕಾ, ಅಂದಳು.
ಹತ್ತು.
ಬ್ರೆಡ್ಡಿನಂಗಡಿ ಲಮಾರಾಗೂ ಗೊತ್ತಿತ್ತು.
ಎಲ್ಲರಿಗೂ ಗೊತ್ತಿತ್ತು. ನಿನಗೂ ಗೊತ್ತಿತ್ತಾ?

ಹತ್ತು, ಎಂದ ಮತ್ತೆ.

ಹತ್ತು ಆಗಲೇ ಆಗಿತ್ತು.

ಪ್ಲಮ್ಮಿಗೆ ಇರುವೆ ಹತ್ತಿತ್ತು. ಎದ್ದು ಬುಟ್ಟಿ ಕೊಡವಿ ಬಂದೆ.
ಅಷ್ಟರಲ್ಲಿ ಪರದೆ ಹೊತ್ತಿಕೊಂಡಿತ್ತು,
ಮುಟ್ಟಲು ಭಯವಾಗುವಷ್ಟು ನುಣುಪು.
ಅವನು ಏನನ್ನೂ ತೆರೆದು ನೋಡಲಿಲ್ಲ.
ಬೋರಲು ಮಾಡಿ ನನ್ನ ಕಡೆ ತಳ್ಳಿದ.
ನನ್ನ ಹೆಬ್ಬೆರಳ ಗುರುತು ಅದಕ್ಕೆ ಹತ್ತಲಿಲ್ಲ,
ಗಾಯದ ಕಲೆ ಇದೆಯಲ್ಲ.

ಗುಲಾಬಿ ಮೇಣದ ಮೇಲೆ ಒಂದು ತಿರುಪು ಉಳಿದಿತ್ತು.
ಉದ್ದದ್ದೋ ಗಿಡ್ಡದ್ದೋ.
ಜುಂಬೆರ್ ಕನ್ನಡಕ ತೆಗೆದು ಮಡಚಿದ.
ಒಲೆಯ ಆ ಗುಬುಟು ಸೊಟ್ಟಗಾಗಿದೆ, ಎಂದ,
ಮೇ ತಿಂಗಳಿಂದ.
ನಾಳೆ ಅದನ್ನೂ ನೋಡುತ್ತೇನೆ.