ನಾಲ್ಕನೇ ಮನೆ

ಬೈತಖೋಲದಲ್ಲಿ ಬಲೆ ಒಣಗಲು ಹಾಕಿದ ಹೊತ್ತು.
ಮಷಿನ್ನು ಮಸಿ ಕಾರಿ ಕೆಡಿಸಿದ ಜೆರಾಕ್ಸಿನ ಬೆನ್ನಿಗೆ
ಗೆರೆ ಎಳೆದು ಪದಮ್‌ಸಿಂಗನಿಗೆ ಮೂರು ಮನೆ ಮಾಡಿಕೊಟ್ಟೆ:
ಬ್ಯಾಂಕು. ಏಜೆಂಟು. ನೇಪಾಳಕ್ಕೆ ಹೊರಟ ಷಡ್ಡಕ.

ಬ್ಯಾಂಕಿನ ಕಮಿಷನ್ ಕಡಿಮೆ.
ಏಜೆಂಟನದು ಎರಡು ದಿನದ ಬಂಗಡೆ ಸಾರಿನಷ್ಟು ಜಾಸ್ತಿ.
ಷಡ್ಡಕ ಪುಕ್ಕಟೆ. ಆದರೆ ರೈಲು ಮೂರು ದಿನ,
ಅವನ ಬಾಯಾರಿಕೆಯೂ ಅಷ್ಟೇ ಉದ್ದ.

‘ಗಡಿ ದಾಟಿದ್ರೆ ನಮ್ಮ ನೂರು ನೂರರವತ್ತು, ಅಕ್ಕಾ’
ಅಂದ, ಬುಟ್ಟಿಯೊಳಗೇ ಮೀನು ಮರಿ ಹಾಕಿದ ಹಾಗೆ.
ಅಕ್ಕಿಯೂ ಹಾಗೇ ಏರ್ತದಲ್ಲೋ, ಅಂದೆ.
ನಕ್ಕ.

ಬ್ಯಾಂಕಿಗೇ ಟಿಕ್ ಹಾಕಿದೆ. ಲೆಕ್ಕದಲ್ಲಿ ನಾನು ಗಟ್ಟಿ.
ಅವನು ಪೆನ್ನು ಕೇಳಿದ,
ಡೀಸೆಲ್ ಬೆರಳಲ್ಲಿ ಇನ್ನೊಂದು ಮನೆ ಎಳೆದ, ಸೊಟ್ಟಗೆ:
ಬ್ಯಾಂಕಿಗೆಂದರೆ ಅವನ ಆಮಾ
ಐದು ತಾಸು ಇಳಿಯಬೇಕು,
ಹೆಬ್ಬೆಟ್ಟು ಒತ್ತಿ ಏಳು ತಾಸು ಏರಬೇಕು.
ಏಜೆಂಟನ ಅಂಗಡಿ
ಅವಳು ನೀರು ಹಿಡಿಯುವ ನಲ್ಲಿಯ ಎದುರಿಗೇ.

ಆ ಮನೆಯ ತಲೆಗೆ ಏನು ಬರೆಯಲಿ, ತಿಳಿಯಲಿಲ್ಲ.
ಟಿಕ್ಕನ್ನು ಉಗುರಲ್ಲಿ ಕೆರೆದೆ. ಕಾಗದ ಹರಿಯಿತು ಸ್ವಲ್ಪ.
‘ಇದರದ್ದೇ ಒಂದು ಜೆರಾಕ್ಸ್ ತೆಗಿ,
ಮುಂದಿನ ತಿಂಗಳಿಗೂ ಬೇಕು’ ಅಂದ.

ತೆಗೆದೆ.
ಎರಡು ರೂಪಾಯಿ ಇಸಿದುಕೊಂಡೆ.