ಹನ್ನೆರಡರ ಶೆಲ್

ನಾನಾ ಪೇಠೆಯ ನಮ್ಮ ಶೆಡ್ಡಿಗೆ ಅದು ಗೋಣಿಯಲ್ಲಿ ಬಂತು,
ಅರವತ್ತಾರರ ಫಿಯೆಟ್ಟಿನ ಕ್ರ್ಯಾಂಕು,
ರಿಕ್ಷಾದ ಸೀಟಿನ ಮೇಲೆ ಮಲಗಿಕೊಂಡು.
ಪಕ್ಕದಲ್ಲಿ ಒಡತಿ ಖೋರ್ಷೆದ್‌ಬಾಯಿ,
ಆಸ್ಪತ್ರೆಗೆ ಕರೆತಂದವರ ಹಾಗೆ ಒಂದು ಕೈ ಅದರ ಮೇಲಿಟ್ಟು.

"ಕಾತ್ರಜ ಘಾಟಿನಲ್ಲಿ ಕಟಕಟ ಅನ್ನುತ್ತೆ.
ಹೊಸ ಬೇರಿಂಗ್ ಹಾಕಿಬಿಡಿ, ಆಯಿತಲ್ಲ?"
ಎಲ್ಲರೂ ಹಾಗೇ ಅನ್ನುವುದು.
ಚಪ್ಪಲಿ ಕೊಳ್ಳುವವರೂ ಕಾಲು ಚಾಚಿ ತೋರಿಸುತ್ತಾರೆ,
ಬೇರಿಂಗ್ ಕೊಳ್ಳುವವರು ಮಾತ್ರ
ಕಾರಿನ ಹೆಸರು ಹೇಳಿ ಸುಮ್ಮನಾಗುತ್ತಾರೆ.

ಸೀಮೆಎಣ್ಣೆಯಲ್ಲಿ ತೊಳೆದೆ. ಒರೆಸಿದೆ. ಕಾದೆ.
ಬಿಸಿಲಲ್ಲಿ ಬಂದ ಉಕ್ಕು ತಣ್ಣಗಾಗದೆ ನಿಜ ಹೇಳುವುದಿಲ್ಲ.
ಮೈಕ್ರೋಮೀಟರಿನ ಬಾಲ ಮೂರು ಸಲ ಕಟ್ ಅಂದಮೇಲೆ
ಕನ್ನಡಕ ಏರಿಸಿ ಓದಿದೆ,
ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ.
ಒಂದೇ ಕಡೆ ಪೆಟ್ಟು ತಿಂದದ್ದು ಮೊಟ್ಟೆಯಾಗುತ್ತದೆ,
ಕಣ್ಣಿಗೆ ದುಂಡಗೆ ಕಂಡರೂ.

ಒಂದು, ಎರಡು, ನಾಲ್ಕು: ಹತ್ತು ಥೌ ಕಡಿಮೆ.
ಯಾರೋ ಹಿಂದೆ ಕಲ್ಲಿಗೆ ಹಿಡಿದಿದ್ದಾರೆ, ಚೆನ್ನಾಗಿಯೇ ಹಿಡಿದಿದ್ದಾರೆ.
ಮೂರನೆಯದು ಹನ್ನೆರಡು.
ಮತ್ತೆ ಅಳೆದೆ. ಹನ್ನೆರಡು.
ಹತ್ತರ ಶೆಲ್ ಇದೆ, ಇಪ್ಪತ್ತರದಿದೆ, ಮೂವತ್ತರದಿದೆ.
ಪೇಠೆಯ ಎಲ್ಲ ಗಲ್ಲಿ ಜಾಲಾಡಿದರೂ
ಹನ್ನೆರಡರದು ಸಿಕ್ಕುವುದಿಲ್ಲ.

ಹಳೆಯ ಶೆಲ್ಲಿನ ಬೆನ್ನು ತಿರುವಿದೆ.
ಹೊಟ್ಟೆಯನ್ನು ಯಾರಾದರೂ ನೋಡುತ್ತಾರೆ, ಗೀರು, ತಾಮ್ರ, ಸುಟ್ಟ ಕಲೆ;
ನಂಬರು ಇರುವುದು ಬೆನ್ನ ಮೇಲೆ.
ಅಲ್ಲಿ ಅಂಟಿತ್ತು ಕರಕಲಾದ ಬೆಳ್ಳಿಹಾಳೆ,
ಸಿಗರೇಟು ಪಾಕೀಟಿನ ಒಳಗಿನದು,
ಅಂಚು ಕತ್ತರಿಸಿ, ಎಣ್ಣೆಯ ಕಿಂಡಿಗೆ ಸರಿಯಾಗಿ
ತೂತು ಕೊರೆದು.
ಎರಡೂ ಹೋಳಿಗೆ ಒಂದೊಂದು.
ಇಷ್ಟು ಅಚ್ಚುಕಟ್ಟಾದ ಕಳ್ಳತನ ನಾನು ನೋಡಿರಲಿಲ್ಲ.

"ಯಾವ ಮೂರ್ಖನ ಕೆಲಸ?" ಬಾಳ್ಯಾ ನಕ್ಕ.
ನಾನು ಕ್ರ್ಯಾಂಕಿನ ಭುಜದ ಮಸಿ ಕೆರೆಯುತ್ತಿದ್ದೆ.
ಚುಕ್ಕಿ ಚುಕ್ಕಿ ಹೊಡೆದು ಮೂಡಿಸಿದ ಚಂದ್ರ,
ಪಕ್ಕದಲ್ಲಿ ೭೪.
ತಾಂಬೋಳಿ ಉಸ್ತಾದರ ಸಹಿ.

ಅಕ್ಕಲಕೋಟೆಯಿಂದ ಬಂದ ಹದಿನೈದರ ಹುಡುಗ ನಾನು,
ಶೆಲ್ಲಿನ ಹಿಂದೆ ಕಾಗದ ಇಟ್ಟದ್ದಕ್ಕೆ
ಇದೇ ಶೆಡ್ಡಿನಲ್ಲಿ ಕೆನ್ನೆಗೆ ಬಾರಿಸಿದವರು.
"ಉಕ್ಕಿಗೂ ಉಕ್ಕಿಗೂ ನಡುವ ಎಣ್ಣೀಗೆ ಜಾಗಾ ಬಿಡೋ.
ಬಾಳ ಬಿಟ್ಟಿ ಅಂದ್ರ ಬಡೀತದ, ಬಿಡಲಿಲ್ಲಂದ್ರ ಕಚ್ಚತದ.
ಒಂದೂವರಿ ಥೌ. ಅಷ್ಟರಾಗ ಗಾಡಿ ಬದುಕತದ."

ಮುಂಬಯಿಯಿಂದ ಇಪ್ಪತ್ತರ ಡಬ್ಬಿ ಆ ವರ್ಷ ಬರಲೇ ಇಲ್ಲವೇನೋ.
ಮೂರನೆಯದರ ಗೀರು ಹೋಗಲು ಇನ್ನೆರಡು ಥೌ ಬೇಕಾಯಿತೇನೋ.
ಬಾಯಿಯ ಅಪ್ಪ ಬಾಗಿಲಲ್ಲೇ ನಿಂತಿದ್ದರೇನೋ,
ಮದುವೆಗೋ ಹೆರಿಗೆಗೋ ಹೊರಟು.
ಕೇಳಲು ಅವರಿಲ್ಲ.
ನನ್ನ ಕೆನ್ನೆ ಮಾತ್ರ ಸುಮ್ಮಸುಮ್ಮನೆ ಬಿಸಿಯಾಯಿತು.

ಹಾಳೆಯನ್ನೂ ಅಳೆದೆ. ಒಂದು ಥೌ.
ಎರಡು ಹೋಳಿಗೆ ಎರಡು, ಹತ್ತಕ್ಕೆ ಸೇರಿಸಿದರೆ ಹನ್ನೆರಡು.

ಮೊದಲು ಶೆಲ್ಲು, ಆಮೇಲೆ ಕಲ್ಲು.
ಓಸ್ವಾಲನ ಡಬ್ಬಿ ಇಪ್ಪತ್ತು ಅಂತು;
ನಾಲ್ಕು ಜೋಡಿಯಲ್ಲಿ ಒಂದರ ಬೆನ್ನು ಮೂವತ್ತು ಅಂತು.
ವಾಪಸು ಕೊಟ್ಟೆ, ಜಗಳಾಡಿದೆ, ಚಹಾ ಕುಡಿದೆ, ಬದಲಿಸಿಕೊಂಡೆ.
ನಾಲ್ಕನ್ನೂ ಇಪ್ಪತ್ತಕ್ಕೆ ಇಳಿಸಿದೆ,
ಮೂರನೆಯದರ ತಪ್ಪಿಗೆ ಉಳಿದ ಮೂರೂ ತೆಳುವಾದವು.
ಮೇಣದ ಎಳೆ ಇಟ್ಟು ಕ್ಯಾಪು ಬಿಗಿದು, ಬಿಚ್ಚಿ ನೋಡಿದರೆ
ಎಳೆ ಚಪ್ಪಟೆಯಾಗಿ ಮಲಗಿದೆ:
ಒಂದೂವರೆ, ಒಂದೂವರೆ, ಒಂದೂವರೆ, ಒಂದೂವರೆಗೆ ಚೂರು ಹೆಚ್ಚು.

"ಏನಾಗಿತ್ತು ಅದಕ್ಕೆ?" ಬಾಯಿ ಕೇಳಿದರು.
ಸವೆದಿತ್ತು, ಅಂದೆ.
ಚಂದ್ರನ ಪಕ್ಕ ನನ್ನ ಗುರುತು ಹೊಡೆಯಲಿಲ್ಲ,
ಬರಿಯ ೨೦ ಹೊಡೆದೆ, ಮುಂದೆ ಬಿಚ್ಚುವವನಿಗಾಗಿ.

ಸಂಜೆ ಕಸ ಗುಡಿಸುತ್ತ ಬಾಳ್ಯಾ,
"ಈ ಹಾಳೆ ಒಗೀಲೇನು?"
ಬ್ಯಾಡ. ಮೈಕ್ರೋಮೀಟರಿನ ಪೆಟ್ಟಿಗ್ಯಾಗ ಇಡು.
ಒಂದು ಥೌ ಅದ ಅದು,
ಬರೋಬ್ಬರಿ ಒಂದು.